ಇಳಿ

ಕುರ್ಚಿಯ ಮೇಲೆ ನಿಂತು, ಒಂದನೇ ಕ್ಲಾಸಿನ ಬಾಗಿಲ ನೆತ್ತಿಗೆ ಕೆಂಪು ಕಾಗದದ ಅಕ್ಷರಗಳನ್ನು ಅಂಟಿಸುತ್ತಿದ್ದ ಇಳಿ ಟೀಚರಿಗೆ ಬೆಳಿಗ್ಗೆಯಿಂದ ಒಂದೇ ಚಿಂತೆ: ಈ ಸಲವೂ ಒಂದನೇ ಕ್ಲಾಸು ತನಗೇ ಕೊಡುತ್ತಾರೋ ಇಲ್ಲವೋ. ಕೊಡದೆ ಏನು, ಇಷ್ಟು ವರ್ಷ ಇನ್ಯಾರಿಗಾದರೂ ಕೊಟ್ಟದ್ದುಂಟೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಸರಿಯಿಲ್ಲ ಅನ್ನಿಸಿತು. ನಾಳೆ ಶಾಲೆ ಶುರು. ಇವತ್ತು ಕಲಿಸುವವರಿಗೆ ಮಾತ್ರ ಕರೆ. ಬೆಳಿಗ್ಗೆ ಮೀಟಿಂಗಿನಲ್ಲಿ ಎಲ್ಲರೂ ಹೊಸ ವರ್ಷಕ್ಕೆ ಒಂದೊಂದು ಹೊಸ ಉಪಾಯ ಹೇಳಬೇಕಂತೆ, ಊಟದ ಮೇಲೆ ಯಾರಿಗೆ ಯಾವ ಕ್ಲಾಸು ಎಂದು ಗೊತ್ತಾಗುತ್ತದಂತೆ. ರಜೆಗೆ ಮುಂಚಿನ ದಿನ ಹೆಡ್‌ಮಿಸ್ಸು ಅವಳ ಭುಜದ ಮೇಲೆ ಕೈಯಿಟ್ಟು, "ಅಕ್ಕಾ, ರಜೆಯಲ್ಲಿ ಚೆನ್ನಾಗಿ ರೆಸ್ಟ್ ತಗೊಳ್ಳಿ" ಅಂದಿದ್ದಳು. ಅದರಲ್ಲೇನಿದೆ, ಎಲ್ಲರಿಗೂ ಅನ್ನುವ ಮಾತು. ಆದರೆ ಎಲ್ಲರ ಭುಜದ ಮೇಲೂ ಕೈಯಿಟ್ಟಿರಲಿಲ್ಲವಲ್ಲ! ಬಟ್ಟೆ ಒಗೆಯುವಾಗ, ನೆಲ ಒರೆಸುವಾಗ, ರಜೆಯುದ್ದಕ್ಕೂ ಆ ಕೈ ಅವಳ ಎಡಭುಜ ಬಿಟ್ಟು ಏಳಲೇ ಇಲ್ಲ.

ಇಳಿ ಟೀಚರ್ ಅನ್ನುವುದು ಮಕ್ಕಳಿಟ್ಟ ಹೆಸರು. ಕ ತಲೆಕಟ್ಟು ಕ, ಕ ಇಳಿ ಕಾ ಎಂದು ಹಾಡಿಸುವಾಗ ಆ ಇಳಿಯ ಹತ್ತಿರ ಬಂದರೆ ಅವಳ ದನಿ ತಾನಾಗಿ ಉದ್ದವಾಗುತ್ತಿತ್ತು, ಸೀಮೆಸುಣ್ಣ ಹಿಡಿದ ಕೈ ಅಕ್ಷರದ ತಲೆಯಿಂದ ಬಲಕ್ಕೆ ಬಾಗಿ ಸುಯ್ಯೆಂದು ಕೆಳಗಿಳಿಯುತ್ತಿತ್ತು. "ಇಳಿ ಬಿಟ್ಟರೆ ಮಾರ್ಕೂ ಇಳಿಯುತ್ತೆ ನೋಡಿ" ಎಂದು ಹೆದರಿಸುವಳು. ಒಂದು ವರ್ಷ ಯಾವುದೋ ಪುಟ್ಟಿ ಬೇಡದ ಕಡೆ ಇಳಿ ಸೇರಿಸಿ, "ಹಾಲು ಕುಡಿದರೆ ನಮಗೆ ಬಾಲ ಬರುತ್ತದೆ" ಎಂದು ಬರೆದುಬಿಟ್ಟಾಗ ಇಡೀ ಕ್ಲಾಸು ತನ್ನ ತನ್ನ ಹಿಂಭಾಗ ಮುಟ್ಟಿ ನೋಡಿಕೊಂಡಿತ್ತು. ಬಸ್ಸಿನಲ್ಲಿ ಕಂಡಕ್ಟರು "ಬೇಗ ಇಳಿ, ಇಳಿ" ಎಂದು ಯಾರನ್ನೋ ಗದರಿಸಿದರೆ ಹಿಂದಿನ ಸೀಟಿನಲ್ಲಿ ಮಕ್ಕಳು ಕಿಸಕ್ಕೆನ್ನುವರು. ಅವಳು ತಿರುಗಿ ನೋಡುತ್ತಿರಲಿಲ್ಲ, ಒಳಗೊಳಗೇ ನಗುವಳು. ಇಳಿವಯಸ್ಸು ಬರುತ್ತಾ ಬರುತ್ತಾ ಹೆಸರು ನಿನಗೆ ಇನ್ನೂ ಒಪ್ಪುತ್ತಿದೆ ಕಣೇ ಎಂದು ಗಂಡನೂ ಚುಡಾಯಿಸಿದ್ದುಂಟು.

ಗಂಡ ಯಾವುದಕ್ಕೂ ಚುಡಾಯಿಸದೆ ಬಿಡುವವನಲ್ಲ. ಸಾರಿಗೆ ಉಪ್ಪು ಮರೆತರೆ ಮೂರು ದಿನ ಅದೇ ಕಥೆ. ಅಂಥವನು ಹೋದ ತಿಂಗಳು ಅಂಗಡಿಯಿಂದ ಬಾಳೆಹಣ್ಣು, ಬ್ರೆಡ್ಡು, ಸೋಪು ತಂದಿಟ್ಟು ಪೇಪರು ಹಿಡಿದು ಕೂತ. ಮಾರನೆಯ ದಿನ ಅವನ ಅಂಗಿ ನೆನೆಹಾಕುವ ಮುಂಚೆ ಜೇಬು ತಡಕಿದಾಗ ಅವಳೇ ಬರೆದುಕೊಟ್ಟ ಚೀಟಿ ಸಿಕ್ಕಿತು. ಬಳೆ, ಬ್ರೆಡ್ಡು, ಸೋಪು ಎಂದಿತ್ತು. ಬಳೆ! ಅವಸರದಲ್ಲಿ ಯಾರಿಗೂ ಆಗುತ್ತದೆ, ಅದಕ್ಕಲ್ಲ ಅವಳ ಎದೆ ಧಸಕ್ಕೆಂದದ್ದು. ಆರು ತಿಂಗಳಿಗಾಗುವಷ್ಟು ತಮಾಷೆ ಕೈಗೇ ಬಂದಿದ್ದರೂ ಅವನು ಬಾಯಿ ಬಿಟ್ಟಿರಲಿಲ್ಲ. ಬಾಳೆಹಣ್ಣು ತಂದು ಸುಮ್ಮನೆ ಇಟ್ಟಿದ್ದ. ಅವಳು ಚೀಟಿಯನ್ನು ಸೋಪಿನ ನೀರಿನಲ್ಲಿ ಹಿಚುಕಿ ಮುದ್ದೆ ಮಾಡಿದಳು. ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ತನ್ನ ಅಕ್ಕನಿಗೂ ಹೀಗೇ ಅಲ್ಲವೇ ಶುರುವಾದದ್ದು, ಚಮಚಕ್ಕೆ "ಅದು, ಬಾಯಿಗೆ ಹಾಕೋದು" ಅನ್ನುತ್ತಿದ್ದಳಲ್ಲ. ಆಗ ತಾನು ಪಕ್ಕದಲ್ಲಿ ಕೂತು, "ಸರಿಯಾಗಿ ಹೇಳಕ್ಕಾ, ಚ-ಮ-ಚ" ಎಂದು ಕ್ಲಾಸಿನಲ್ಲಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದಳು. ಊರವರ ಮಕ್ಕಳಿಗೆ ತೋರುತ್ತಿದ್ದ ತಾಳ್ಮೆಯನ್ನು ಒಡಹುಟ್ಟಿದವಳಿಗೆ ತೋರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ದಿಂಬಿಗೆ ಮುಖ ಒತ್ತಿಕೊಂಡಳು. ಆಮೇಲೆ ತಂಗಿ ಬಂದಳೆಂದರೆ ಬಾಯೇ ತೆರೆಯುತ್ತಿರಲಿಲ್ಲ. ತಪ್ಪು ಬಂದೀತೆಂಬ ಭಯಕ್ಕೆ ನೀರು ಕೂಡ ಕೇಳುತ್ತಿರಲಿಲ್ಲ.

"ಏನ್ ಟೀಚರ್, ಈ ವರ್ಷ ಬಾಗಿಲಲ್ಲೇ ನಾಟಕ ಶುರು ಮಾಡಿಬಿಟ್ರಾ!" ಕೆಳಗಿನಿಂದ ಡ್ರಿಲ್ ಮಾಸ್ತರು ಕೂಗಿದರು. ಅರ್ಥವಾಗಲಿಲ್ಲ, ಆದರೂ ನಕ್ಕಳು. ಆತ ಇರುವುದೇ ಹಾಗೆ, ಶಾಲೆಯ ಗಂಟೆಯನ್ನೂ ಗೇಲಿ ಮಾಡುವ ಪ್ರಾಣಿ. ಆದರೆ ಅವಳು ನಕ್ಕದ್ದೇ ತಡ, ಆತನ ನಗು ಅರ್ಧಕ್ಕೆ ನಿಂತಿತು. ಏನೋ ಹೇಳಲು ಬಾಯಿ ತೆರೆದವರು ಕೊರಳಿನ ಸೀಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿಕೊಂಡು ಹೊರಟುಹೋದರು. ಅಷ್ಟರಲ್ಲಿ ಗೋಂದು ಬಂದಳು. ಎರಡನೇ ಕ್ಲಾಸಿನ ಹುಡುಗಿ-ಟೀಚರು. ಸದಾ ಬೆರಳಲ್ಲಿ ಅಂಟು, ಬ್ಯಾಗಿನಲ್ಲಿ ಕತ್ತರಿ, ಅದಕ್ಕೇ ಇಳಿ ಟೀಚರೇ ಅವಳಿಗೆ ಗೋಂದು ಎಂದು ಹೆಸರಿಟ್ಟಿದ್ದಳು. ತೋಳಿನ ತುಂಬ ಸುರುಳಿ ಸುತ್ತಿದ ಚಾರ್ಟುಗಳು. "ಇಳೀರಿ ಟೀಚರ್, ಬೀಳ್ತೀರಿ, ನಾನು ಅಂಟಿಸ್ತೀನಿ" ಅಂದಳು. "ಆಗೇ ಹೋಯ್ತಮ್ಮ. ಹೇಗಿದೆ?" ಗೋಂದು ತಲೆಯೆತ್ತಿ ನೋಡಿದಳು. ಒಂದೇ ಒಂದು ಪದ ಓದುವುದಕ್ಕೆ ಅಷ್ಟು ಹೊತ್ತು ಬೇಕೇ? "ಚೆನ್ನಾಗಿದೆ ಟೀಚರ್. ಬಣ್ಣ ತುಂಬ ಚೆನ್ನಾಗಿದೆ" ಅಂದಳು ಕೊನೆಗೆ. ತನ್ನ ಕ್ಲಾಸು ಅತ್ತ ಇರುವಾಗ ಈ ಹುಡುಗಿ ಚಾರ್ಟು ಹೊತ್ತುಕೊಂಡು ಇತ್ತ ಯಾಕೆ ಬಂದಳು ಎಂದು ಟೀಚರಿಗೆ ಆಗ ಹೊಳೆಯಲಿಲ್ಲ.

ಮೀಟಿಂಗಿನಲ್ಲಿ ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಇಕ್ಕಟ್ಟಾಗಿ ಕೂತಿದ್ದರು. ಮೂರನೇ ಕ್ಲಾಸಿನ ಟೀಚರು ತಂದ ಉಪಾಯ ಒಂದು ಉಣ್ಣೆಯ ಉಂಡೆ; ಒಬ್ಬರು ಇನ್ನೊಬ್ಬರ ಕಡೆ ಎಸೆಯಬೇಕು, ಹಿಡಿದವರು ತಮ್ಮ ಬಗ್ಗೆ ಒಂದು ಮಾತು ಹೇಳಬೇಕು, ಮಕ್ಕಳ ನಾಚಿಕೆ ಬಿಟ್ಟುಹೋಗುತ್ತದೆ. ಆಡಿ ತೋರಿಸಹೋಗಿ ಉಣ್ಣೆಯ ಎಳೆ ಡ್ರಿಲ್ ಮಾಸ್ತರ ಕೊರಳಿನ ಸೀಟಿಗೆ ಸಿಕ್ಕಿಕೊಂಡು ಅವರ ಕುತ್ತಿಗೆ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಗೋಂದು ತಂದದ್ದು ಮನಸ್ಸಿನ ಹವಾಮಾನದ ಚಾರ್ಟು: ಒಂದು ಸೂರ್ಯ, ಒಂದು ಮೋಡ, ಒಂದು ಮಳೆ. ಬೆಳಿಗ್ಗೆ ಬಂದ ಮಗು ಬಟ್ಟೆಗೆ ಹಾಕುವ ಕ್ಲಿಪ್ಪನ್ನು ತನ್ನ ಮನಸ್ಸು ಹೇಗಿದೆಯೋ ಅಲ್ಲಿಗೆ ಸಿಕ್ಕಿಸಬೇಕು, ಕಲಿಸುವವರಿಗೆ ಕೇಳದೆಯೇ ತಿಳಿಯುತ್ತದೆ. ಎಲ್ಲರಿಗೂ ಒಂದೊಂದು ಕ್ಲಿಪ್ಪು ಕೊಟ್ಟಳು. ಎಲ್ಲರೂ ಸೂರ್ಯನಿಗೇ ಸಿಕ್ಕಿಸಿದರು. ಹೆಡ್‌ಮಿಸ್ಸಿನ ಎದುರಿಗೆ ಮಳೆಗೆ ಸಿಕ್ಕಿಸುವ ಧೈರ್ಯ ಯಾರಪ್ಪನಿಗಿದೆ. ಇಳಿ ಟೀಚರೂ ಸೂರ್ಯನ ಅಂಚಿನಲ್ಲಿ ಜಾಗ ಮಾಡಿ ಸಿಕ್ಕಿಸಿ ಬಂದಳು. ಹೆಡ್‌ಮಿಸ್ಸು ಯಾಕೋ ಎಲ್ಲರನ್ನೂ ನೋಡುವಾಗ ಅವಳೊಬ್ಬಳನ್ನು ದಾಟಿ ನೋಡುತ್ತಿದ್ದಳು. ಇದೇ ಹೆಣ್ಣು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳ ಗಲಾಟೆ ತಾಳಲಾರದೆ ಬಚ್ಚಲಿಗೆ ಹೋಗಿ ಅಳುತ್ತಿದ್ದಾಗ ಮುಖ ತೊಳೆಸಿ ಕರೆತಂದವಳು ತಾನು. ಅದನ್ನು ನೆನೆಯುವುದು ಸಣ್ಣತನ, ಗೊತ್ತು. ಆದರೂ ನೆನೆದಳು.

ಅವಳ ಸರದಿ ಬಂತು. "ನನ್ನ ಹತ್ತಿರ ಚಾರ್ಟು ಗೀರ್ಟು ಇಲ್ಲಪ್ಪ" ಅಂದಳು. ಎಲ್ಲರೂ ನಕ್ಕರು, ಅವಳಿಗೆ ಧೈರ್ಯ ಬಂತು. "ಇರೋದು ಒಂದೇ ಉಪಾಯ, ಅದಕ್ಕೆ ಗೋಂದೂ ಬೇಡ ಕತ್ತರೀನೂ ಬೇಡ. ಮಗು ಬೋರ್ಡ್ ಮೇಲೆ ಬರೆದದ್ದು ಸರಿಯಾಗಿದ್ದರೆ ತಕ್ಷಣ ಶಹಭಾಸ್ ಅನ್ನಿ, ಒಂದು ಕ್ಷಣಾನೂ ಕಾಯಿಸಬೇಡಿ. ತಪ್ಪಾಗಿದ್ರೆ ತಿದ್ದಬೇಡಿ. ಬೆರಳು ತೋರಿಸಬೇಡಿ, ಹುಬ್ಬು ಹಾರಿಸಬೇಡಿ, ಗಂಟಲು ಕೆರೀಬೇಡಿ. ಹಿಂದೆ ನಿಂತುಕೊಂಡು ಸುಮ್ಮನಿರಿ. ಟೀಚರ್ ಸುಮ್ಮನಿದ್ದಾರೆ ಅಂದ್ರೆ ಎಲ್ಲೋ ಏನೋ ಬಿಟ್ಟಿದೀನಿ ಅಂತ ಅದಕ್ಕೆ ಗೊತ್ತಾಗುತ್ತೆ. ಹುಡುಕುತ್ತೆ. ತಾನೇ ಕಂಡುಹಿಡಿಯುತ್ತೆ. ಹಾಗೆ ಕಂಡುಹಿಡಿದದ್ದನ್ನ ಜನ್ಮದಲ್ಲಿ ಮರೆಯಲ್ಲ."

"ಕಂಡುಹಿಡೀದೇ ಹೋದ್ರೆ ಟೀಚರ್?" ಡ್ರಿಲ್ ಮಾಸ್ತರು ಕೇಳಿದರು, ಈ ಸಲ ಗೇಲಿಯಿಲ್ಲದೆ.

"ಹಿಡಿಯುತ್ತೆ ಬಿಡಿ. ನನ್ನ ಕ್ಲಾಸಲ್ಲಿ ಹಿಡೀದೇ ಹೋದ ಮಗೂನೇ ಇಲ್ಲ."

ಚಪ್ಪಾಳೆ ಜೋರಾಗಿಯೇ ಬಿತ್ತು, ಸ್ವಲ್ಪ ಹೆಚ್ಚೇ ಜೋರಾಗಿ, ಚಿಕ್ಕ ಮಕ್ಕಳು ಪದ್ಯ ಹೇಳಿ ಮುಗಿಸಿದಾಗ ಹಾಕುವಂಥ ಚಪ್ಪಾಳೆ. ಗೋಂದು ಮಾತ್ರ ಚಪ್ಪಾಳೆ ಹಾಕದೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು, ಒಂದು ಮಾತೂ ಬಿಡದ ಹಾಗೆ. ಕಲಿಯುವ ಹುಡುಗಿ, ಮುಂದೆ ಬರುತ್ತಾಳೆ ಎಂದು ಟೀಚರಿಗೆ ಪ್ರೀತಿ ಉಕ್ಕಿತು. ಕ್ಲಾಸು ತನಗೇ ಸಿಗುತ್ತದೆ, ಅನುಮಾನವೇ ಇಲ್ಲ. ನಾಳೆ ಈ ಹೊತ್ತಿಗೆ ಯಾವುದೋ ಮಗು ಅಮ್ಮ ಬೇಕೆಂದು ಬಾಗಿಲಿಗೆ ಜೋತುಬಿದ್ದು ಅಳುತ್ತಿರುತ್ತದೆ, ಬಾಗಿಲ ಮೇಲಿನ ಕೆಂಪು ಅಕ್ಷರ ತೋರಿಸಿ, ಇದೇನು ಗೊತ್ತಾ, ನಿನ್ನನ್ನೇ ಒಳಗೆ ಬಾ ಅಂತಿದೆ ಎಂದು ಸುಮ್ಮನಾಗಿಸಬೇಕು.

ಚಹಾಕ್ಕೆ ಬಿಟ್ಟಾಗ ಕನ್ನಡಕದ ಡಬ್ಬಿ ತರಲೆಂದು ತನ್ನ ಕ್ಲಾಸಿಗೆ ಹೊರಟಳು. ಪಡಸಾಲೆಯ ತುದಿಯಿಂದಲೇ ಬಾಗಿಲಿನ ಅಕ್ಷರಗಳು ಕಂಡವು. ಏನೋ ಒಂದು ಹೊಳೆಯುತ್ತಿತ್ತು. ಅವಳ ಕಾಗದ ಹೊಳೆಯುವ ಜಾತಿಯದ್ದಲ್ಲ, ಹಳೇ ಬೀರುವಿನಿಂದ ತೆಗೆದ ಮಂಕು ಕೆಂಪು. ಹತ್ತಿರ ಬಂದು ಬಾಗಿಲಡಿಯಲ್ಲಿ ನಿಂತು ಕತ್ತೆತ್ತಿದಳು. ಸ್ವಾಗತ ಎಂದಿತ್ತು, ಸರಿಯಾಗಿಯೇ ಇತ್ತು. ಮೊದಲ ಅಕ್ಷರದ ಇಳಿ ಮಾತ್ರ ಬೇರೆ ಕಾಗದ, ಮಿರಮಿರ ಹೊಳೆಯುವ ಹೊಸ ಕೆಂಪು. ಅದರ ಅಂಚಿನಿಂದ ಗೋಂದಿನ ಹನಿಯೊಂದು ಇನ್ನೂ ಆರದೆ ಜಿನುಗುತ್ತಿತ್ತು. ಇದನ್ನು ತಾನು ಕತ್ತರಿಸಿಲ್ಲ. ತಾನು ಕತ್ತರಿಸಿದ್ದ ಇಳಿ ಎಲ್ಲಿ ಹೋಯಿತು? ನೆಲದ ಮೇಲೆ ನೋಡಿದಳು, ಕುರ್ಚಿಯ ಕೆಳಗೆ ನೋಡಿದಳು. ಕಾಗದದ ಚೂರುಗಳ ರಾಶಿಯನ್ನು ಕಾಲಲ್ಲಿ ಕೆದಕಿದಳು. ಆಮೇಲೆ ಕೆದಕುವುದನ್ನು ನಿಲ್ಲಿಸಿದಳು. ಕತ್ತರಿಸಿರಲೇ ಇಲ್ಲ. ಹೊಳೆಯುವ ಆ ಚೂರನ್ನು ಮನಸ್ಸಿನಲ್ಲೇ ಕಿತ್ತು ಓದಿದಳು: ಸ್ವಗತ. ನಾಟಕದಲ್ಲಿ ಪಾತ್ರವೊಂದು ಒಂಟಿಯಾಗಿ ನಿಂತು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು. ಯಾರೂ ಕೇಳುತ್ತಿಲ್ಲ ಎಂದು ಅದರ ಭಾವನೆ. ಕೇಳುವವರು ಕತ್ತಲಲ್ಲಿ ಸಾಲುಸಾಲಾಗಿ ಕೂತೇ ಇರುತ್ತಾರೆ. ಬಾಗಿಲಲ್ಲೇ ನಾಟಕ! ಅಯ್ಯೋ, ಅದಕ್ಕೆ ತಾನು ನಕ್ಕಳಲ್ಲ, ಬಾಯಿ ತುಂಬ ನಕ್ಕಳಲ್ಲ. ಬೆಳಿಗ್ಗೆಯಿಂದ ಈ ಬಾಗಿಲ ಮುಂದೆ ಎಲ್ಲರೂ ಹಾದುಹೋಗಿದ್ದಾರೆ. ಆ ಸುಮ್ಮನಿರುವ ಉಪಾಯಕ್ಕೆ ಚಪ್ಪಾಳೆ ಹೊಡೆದ ಪ್ರತಿಯೊಬ್ಬರೂ ಇದನ್ನು ಓದಿ ಬಂದವರೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮುಸುರೆಯಲ್ಲಿ ಬಿದ್ದಿತ್ತಂತೆ.

ಎಳೆ ಸಿಕ್ಕಿದ ಮೇಲೆ ಉಂಡೆ ಬಿಚ್ಚುವುದಕ್ಕೆ ಎಷ್ಟು ಹೊತ್ತು. ಹೋದ ವರ್ಷ ಅಂಕಪಟ್ಟಿಗಳನ್ನು ಮನೆಗೆ ಕಳಿಸುವ ಮುಂಚೆ ಹೆಡ್‌ಮಿಸ್ಸು, "ಕೊಡಿ ಅಕ್ಕಾ, ನಾನೇ ಒಂದು ಸಲ ನೋಡಿ ಕಳಿಸ್ತೀನಿ" ಅಂದದ್ದು. ಮಕ್ಕಳ ಕಾಪಿ ಪುಸ್ತಕಗಳನ್ನು ಮಾದರಿಗೆಂದು ಗೋಂದು ವಾರವಾರವೂ ಎರವಲು ಒಯ್ಯುತ್ತಿದ್ದದ್ದು. ಸಂಜೆ ಗಂಟೆ ಹೊಡೆದದ್ದೇ ಓಡಿಬಂದು, "ನಿಮಗ್ಯಾಕೆ ಟೀಚರ್ ಧೂಳು" ಎಂದು ಬೋರ್ಡು ಒರೆಸಿಹಾಕುತ್ತಿದ್ದದ್ದು. ಎಂಥ ಒಳ್ಳೆಯ ಹುಡುಗಿ ಎಂದು ಗಂಡನ ಹತ್ತಿರ ಎಷ್ಟು ಸಲ ಹೊಗಳಿದ್ದಳು; ಅವನು ಹೂಂ, ಹೂಂ ಎಂದಿದ್ದ. ಅವನಿಗೂ ಗೊತ್ತು. ಎಲ್ಲರಿಗೂ ಗೊತ್ತು, ತನ್ನೊಬ್ಬಳನ್ನು ಬಿಟ್ಟು. ಇಷ್ಟೊಂದು ಜನ ಸೇರಿ ತನ್ನನ್ನು ಬೀಳದ ಹಾಗೆ ಹಿಡಿದಿದ್ದಾರೆ ಎಂದು ಸಂತೋಷಪಡಬೇಕೋ ಏನೋ. ಅವಳಿಗೆ ಆದದ್ದು ನಾಚಿಕೆ. ನಡುಬೀದಿಯಲ್ಲಿ ಬಟ್ಟೆ ಜಾರಿ ಯಾರೋ ಹಿಂದಿನಿಂದ ಪಿನ್ನು ಹಾಕಿದಂಥ ನಾಚಿಕೆ. ಕಿವಿ ಬಿಸಿಯಾಯಿತು. ಕನ್ನಡಕದ ಡಬ್ಬಿ ಮರೆತು ಹಾಗೇ ವಾಪಸು ಬಂದಳು.

ಊಟದ ಮೇಲೆ ಹೆಡ್‌ಮಿಸ್ಸು ಎದ್ದು ನಿಂತು ಮೊದಲು ಅವಳ ವಿಷಯವನ್ನೇ ಎತ್ತಿಕೊಂಡಳು. "ಅಕ್ಕನ ಅನುಭವ ಬರೀ ಒಂದು ಕ್ಲಾಸಿಗೆ ಸಿಗೋದು ನಮಗೇ ನಷ್ಟ. ಅದಕ್ಕೆ ಈ ವರ್ಷದಿಂದ ಮೆಟ್ಟಿಲ ಪಕ್ಕದ ಕೋಣೇಲಿ ಒಂದು ಸಂಪನ್ಮೂಲ ಕೇಂದ್ರ ಮಾಡ್ತಿದೀವಿ. ಚಾರ್ಟು, ಮ್ಯಾಪು, ಆಟದ ಸಾಮಾನು, ಕಲಿಸೋಕೆ ಬೇಕಾದ್ದೆಲ್ಲ ಅಲ್ಲೇ. ಅಕ್ಕ ಅದಕ್ಕೆ ಮುಖ್ಯಸ್ಥೆ. ನಮಗೆ ಏನು ಬೇಕಾದ್ರೂ ಅವರ ಹತ್ತಿರಾನೇ ಹೋಗಿ ಕೇಳೋಣ." ಚಪ್ಪಾಳೆ. ಮೆಟ್ಟಿಲ ಪಕ್ಕದ ಕೋಣೆ ಅವಳಿಗೆ ಗೊತ್ತಿಲ್ಲದ್ದೇ? ಗೂಟ ಮುರಿದ ಭೂಗೋಳ, ಮಣಿ ಉದುರಿದ ಎಣಿಕೆಯ ಚೌಕಟ್ಟು, ಕಾಲಿಲ್ಲದ ಬೆಂಚುಗಳನ್ನು ತಳ್ಳುವ ಜಾಗ. ಇನ್ನು ತನ್ನನ್ನೂ. "ಫ್ಯಾನು ಹಾಕಿಸಿದೀನಿ ಅಕ್ಕಾ, ಒಳ್ಳೆ ಕುರ್ಚಿ, ಮೇಜು ಎಲ್ಲ ಇದೆ" ಅಂದಳು ಹೆಡ್‌ಮಿಸ್ಸು; ಅವಳ ದನಿಯೂ ಸ್ವಲ್ಪ ನಡುಗಿತು, ಸುಳ್ಳು ಹೇಳಬಾರದು.

"ಬೋರ್ಡು?" ಇಳಿ ಟೀಚರ್ ಕೇಳಿದಳು.

"ಅಲ್ಲಿ ಬೋರ್ಡು ಯಾಕಕ್ಕಾ?"

ಎಲ್ಲರೂ ತಂತಮ್ಮ ಕೈಬೆರಳು ನೋಡಿಕೊಂಡರು. ಇಳಿ ಟೀಚರಿಗೆ ಹೇಳಬೇಕೆಂದದ್ದು ಬೆಟ್ಟದಷ್ಟಿತ್ತು. ಬಾಯಿಗೆ ಬಂದದ್ದು "ಆಯ್ತು" ಒಂದೇ. ಒಂದನೇ ಕ್ಲಾಸು ಗೋಂದುವಿಗೆ ಎಂದಾಗ ಅವಳೂ ಚಪ್ಪಾಳೆ ತಟ್ಟಿದಳು. ಅಂಗೈಗಳು ಒಂದಕ್ಕೊಂದು ಸಿಕ್ಕವು, ಅಷ್ಟಾದರೂ ಆಯಿತು.

ಸಂಜೆ ತನ್ನ ಸಾಮಾನು ತೆಗೆದುಕೊಳ್ಳಲು ಹೋದಾಗ ಗೋಂದು ಒಳಗೇ ಇದ್ದಳು. ಗೋಡೆಗೆ ಹವಾಮಾನದ ಚಾರ್ಟು ಬಂದಿತ್ತು, ದೊಡ್ಡವರ ಕ್ಲಿಪ್ಪುಗಳೆಲ್ಲ ಸೂರ್ಯನ ಮೇಲೇ ಒತ್ತೊತ್ತಾಗಿ ನಿಂತಿದ್ದವು. ಪುಟ್ಟ ಕುರ್ಚಿಗಳು, ಕಿಟಕಿಯ ಪಕ್ಕದ ಸವೆದ ನೆಲ, ಸೀಮೆಸುಣ್ಣದ ವಾಸನೆ. ಟೀಚರು ಬಾಗಿಲು ಮುಂದಕ್ಕೆ ತಳ್ಳಿ ನಿಂತಳು. "ಇಳಿ ಅಂಟಿಸಿದ್ದು ನೀನೇನಾ?"

"ಗಾಳಿಗೆ ಬಿದ್ದುಹೋಗಿತ್ತು ಟೀಚರ್, ಎತ್ತಿ..."

"ಬೇರೆ ಕಾಗದ ಕಣೇ ಅದು."

ಗೋಂದು ಬೆರಳಿನ ಅಂಟು ಉಜ್ಜತೊಡಗಿದಳು. ಉಜ್ಜಿದಷ್ಟೂ ಸಣ್ಣ ಸಣ್ಣ ಬತ್ತಿಗಳು ಉದುರಿದವು.

"ಎಷ್ಟು ದಿನದಿಂದ ತಿದ್ದುತಾ ಇದೀಯ?"

"ಹೋದ ವರ್ಷ ಅರ್ಧ ವರ್ಷದ ಪರೀಕ್ಷೆ ಹೊತ್ತಿಂದ."

"ಬರೀ ಇಳೀನಾ?"

"ಮೊದಮೊದಲು ಬರೀ ಇಳಿ" ಅಂದಳು ಗೋಂದು. ಹೇಳಿದ ಮೇಲೆ ಹೇಳಬಾರದಿತ್ತೆಂದು ತುಟಿ ಕಚ್ಚಿಕೊಂಡಳು. "ನಿಮಗೆ ಹೇಗೆ ಹೇಳಲಿ ಟೀಚರ್? ಬೋರ್ಡ್ ಮೇಲೆ ಸಾಲು ಸೊಟ್ಟ ಹೋಗದ ಹಾಗೆ ಬರೆಯೋಕೆ ನನಗೆ ಕಲಿಸಿದ್ದೇ ನೀವು. ದಿನಾ ಬಾಯಿಗೆ ಬರ್ತಿತ್ತು, ದಿನಾ ನುಂಗ್ತಿದ್ದೆ."

ಇಳಿ ಟೀಚರ್ ಮೇಜಿನ ಮೇಲಿನ ಸೀಮೆಸುಣ್ಣ ತೆಗೆದುಕೊಂಡಳು. ಅದು ಬೆರಳಿಗೆ ಬಂದದ್ದೇ ಮೈಗೆ ಹಳೆಯ ಕಸುವು ಬಂದಂತಾಯಿತು. ಯಾವುದೋ ಅವಸರ, ಯಾವುದೋ ಕಣ್ಣು ಮಂಜು, ಅಷ್ಟೇ ಇರಬೇಕು. ಮನಸ್ಸಿಟ್ಟು ಬರೆದರೆ ಯಾಕೆ ಬರುವುದಿಲ್ಲ. "ಒಂದು ಪದ ಹೇಳು" ಅಂದಳು.

"ಬೇಡ ಟೀಚರ್."

"ಹೇಳು ಅಂದ್ರೆ ಹೇಳಮ್ಮ. ಸರಿ ಬಂದ್ರೆ ಈಗಲೇ ಹೋಗಿ ನನ್ನ ಕ್ಲಾಸು ನನಗೆ ಕೊಡಿ ಅಂತ ಕೇಳ್ತೀನಿ, ನೀನು ಬೇಜಾರು ಮಾಡ್ಕೋಬಾರದು. ತಪ್ಪಿದ್ರೆ ಬೀಗದ ಕೈ ತಗೊಂಡು ಆ ಕೋಣೆಗೆ ಹೋಗಿ ಕೂತ್ಕೋತೀನಿ, ಆಮೇಲೆ ಒಂದು ಮಾತೂ ಆಡಲ್ಲ. ಸುಳ್ಳು ಮಾತ್ರ ಹೇಳಬೇಡ. ನಾಳೆಯಿಂದ ಇಲ್ಲಿ ನಿಂತು ಮಕ್ಕಳಿಗೆ ಸರಿ ತಪ್ಪು ಹೇಳೋಳು ನೀನು."

ಗೋಂದು "ಪಾಠಶಾಲೆ" ಅಂದಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಸುಲಭದ ಪದ ಕೊಟ್ಟಳು, ಪಾಪ. ಇಳಿ ಟೀಚರ್ ಬೋರ್ಡಿನ ಕಡೆ ತಿರುಗಿದಳು. ಅವಸರ ಮಾಡಲಿಲ್ಲ. ಒಂದೊಂದು ಅಕ್ಷರವನ್ನೂ ಮೊದಲು ಮನಸ್ಸಿನಲ್ಲಿ ದುಂಡಗೆ ಬರೆದು, ಆಮೇಲೆ ಕೈಯಲ್ಲಿ ಬರೆದಳು. ಸೀಮೆಸುಣ್ಣ ಕಿರ್ರೆನ್ನಲಿಲ್ಲ, ಸಾಲು ಒಂದಿಷ್ಟೂ ಸೊಟ್ಟ ಹೋಗಲಿಲ್ಲ, ಕೈಬರಹ ಎಂದಿನ ಹಾಗೆ ಮುತ್ತು ಪೋಣಿಸಿದಂತಿತ್ತು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಚೆನ್ನಾಗಿತ್ತು. ಎದೆ ಹಗುರವಾಯಿತು, ಕಣ್ಣಲ್ಲಿ ನೀರು ಬಂತು. ಶಹಭಾಸ್ ಎಂಬ ಮಾತು ಹಿಂದಿನಿಂದ ಬರುವುದನ್ನು ಕಾದಳು.

ಬರಲಿಲ್ಲ.

ಹೊರಗೆ ಆಯಾ ಪಡಸಾಲೆ ಗುಡಿಸುವ ಸದ್ದು ಅಲ್ಲಿಂದ ಇಲ್ಲಿಗೆ ಬಂದು ಮತ್ತೆ ಅತ್ತ ಹೋಯಿತು. ಹಿಂದೆ ಗೋಂದು ಇದ್ದಾಳೆ, ಉಸಿರು ಕೇಳುತ್ತಿದೆ. ಬೆರಳು ತೋರಿಸುತ್ತಿಲ್ಲ, ಗಂಟಲು ಕೆರೆಯುತ್ತಿಲ್ಲ. ಬೆಳಿಗ್ಗೆ ತಲೆ ತಗ್ಗಿಸಿ ಬರೆದುಕೊಂಡದ್ದನ್ನು ಅಕ್ಷರ ಬಿಡದೆ ಪಾಲಿಸುತ್ತಿದ್ದಾಳೆ.

"ಸರಿ ಇದೆಯೇನಮ್ಮಾ?" ತಿರುಗದೆಯೇ ಕೇಳಿದಳು.

ಒಮ್ಮೆ ಮೂಗೆಳೆದುಕೊಂಡ ಸದ್ದು ಮಾತ್ರ ಬಂತು.

ಇಳಿ ಟೀಚರ್ ಬೋರ್ಡಿಗೆ ಇನ್ನೂ ಹತ್ತಿರ ಹೋದಳು. ಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟು, ಮಕ್ಕಳು ಓದುವ ಹಾಗೆ ಸಣ್ಣ ದನಿಯಲ್ಲಿ ಓದಿದಳು: ಪ ಇಳಿ ಪಾ, ಠ, ಶ ಇಳಿ ಶಾ, ಲ ಎತ್ವ ಲೆ. ಎಲ್ಲ ಇತ್ತು. ಅವಳ ಕಣ್ಣಿಗೆ ಎಲ್ಲವೂ ಇತ್ತು. ಹಿಂದಿನ ಮೌನ ಹಾಗೆಯೇ ನಿಂತಿತ್ತು. ಅವಳು ಬೆರಳು ತೆಗೆದು, ಮತ್ತೆ ಮೊದಲ ಅಕ್ಷರದ ಕೆಳಗಿಟ್ಟು ಹುಡುಕತೊಡಗಿದಳು.